ಎಡೆಲ್ಮಿರಾ, ಲಿಮಾಕ್ಕೆ ಹೊರಡುವ ಮುನ್ನ

ಬಸ್ಸಿಳಿದ ಕೂಡಲೇ ಮೇಲೆ ನೋಡಬೇಡ,
ಅಲ್ಲಿ ಆಕಾಶ ಇಲ್ಲ.
ಕತ್ತೆಯ ಹೊಟ್ಟೆ ಅನ್ನುತ್ತಾರೆ ಇಲ್ಲಿಯವರು ಅದನ್ನ.
ಜೂನಿನಿಂದ ಅಕ್ಟೋಬರ್‌ವರೆಗೂ
ಆ ಬೂದು ಹೊಟ್ಟೆಯಡಿಯಲ್ಲೇ ನಮ್ಮ ಒಗೆತ, ಜಗಳ, ಮದುವೆ.
ಕೊಡೆ ತರಬೇಡ. ಬೀಳುವುದು ಮಳೆಯಲ್ಲ,
ಯಾರೋ ಮಹಡಿಯ ಮೇಲೆ ಒದ್ದೆ ಬಟ್ಟೆ ಕೊಡವಿದ ಹಾಗೆ ಒಂದು ತೇವ.
ಕೊಡೆ ಬಿಚ್ಚಿದವಳನ್ನು ಕಂಡರೆ
ಟ್ಯಾಕ್ಸಿಯವರು ದುಪ್ಪಟ್ಟು ಹೇಳುತ್ತಾರೆ.

ಟ್ಯಾಕ್ಸಿಗೆ ಮೀಟರಿಲ್ಲ. ಕಿಟಕಿಯ ಹೊರಗೇ ನಿಂತು ಚೌಕಾಸಿ ಮಾಡು.
ಹದಿನೈದು ಅಂದರೆ ಎಂಟು ಅನ್ನು, ಅಂದು ನಡೆಯತೊಡಗು.
ಹಿಂದಿನಿಂದ ಹಾರನ್ ಕೇಳಿದರೆ ಹತ್ತಕ್ಕೆ ಒಪ್ಪಿದ ಅಂತ.
ಕೇಳದಿದ್ದರೆ ನಡೀತಾ ಇರು, ಏನೀಗ.

ಫೋನು ಕಿಟಕಿಯ ಕಡೆ ಹಿಡಿಯಬೇಡ.
ಐದರ ನಾಣ್ಯ ಸಿಕ್ಕರೆ ಕಲ್ಲಿನ ಮೇಲೆ ಬೀಳಿಸಿ ಸದ್ದು ಕೇಳು,
ಖೋಟಾ ನಾಣ್ಯಕ್ಕೆ ನೆಗಡಿ ಆದವರ ದನಿ.
ಮೂರು ಗಂಟೆಯ ಮೇಲೆ ನಿಂಬೆಯ ಹಸಿಮೀನು ಮುಟ್ಟಬೇಡ.
ಮಾರುಕಟ್ಟೆಯಲ್ಲಿ ಕೊಸರು ಕೇಳು, ನಾಚಬೇಡ:
ಲೋಟ ಖಾಲಿಯಾದ ಮೇಲೂ
ಮಿಕ್ಸಿ ಜಾರಿನ ತಳದಲ್ಲಿ ಉಳಿದ ಪಪ್ಪಾಯಿ ರಸ ನಿನ್ನದೇ.
'ಈಗಲೇ' ಅಂದರೆ ಸಂಜೆ.
'ನಾಳೆ' ಅಂದರೆ, ಮೂರು ದಿನದ ಬಟ್ಟೆ ತಂದಿರು.

ಕಂಬದ ಮೇಲೆ, ನೆಲದ ಮೇಲೆ
ವೃತ್ತದೊಳಗೆ ಎಸ್ ಅಕ್ಷರ ಕಾಣುತ್ತದೆ.
ಭೂಮಿ ನಡುಗಿದಾಗ ನಿಲ್ಲುವ ಜಾಗ ಅದು.
ಅಮ್ಮ ಬಂದಿದ್ದಾಗ
ಬಸ್ಸು ಅಲ್ಲೇ ನಿಲ್ಲುತ್ತದೆ ಅಂದುಕೊಂಡಳು.
ಎರಡು ತಾಸು, ಗಂಟು ತಬ್ಬಿಕೊಂಡು, ವೃತ್ತದ ಗೆರೆ ದಾಟದೆ.
ಜನ ಸುತ್ತಿ ಹೋದರು, ಒಬ್ಬರೂ ಹೇಳಲಿಲ್ಲ.
ನಾನು ಹುಡುಕಿ ಬಂದಾಗ ಅವಳಂದದ್ದು:
'ಏನೂ ಬರಲಿಲ್ಲ ಕಣೇ.'
ನಾವಿಬ್ಬರೂ ನಕ್ಕೆವು. ನಾನು ಈಗ ನಗುವುದಿಲ್ಲ.

ನೋಂದಣಿ ಕಚೇರಿಗೆ ಐದಕ್ಕೇ ಹೋಗು.
ಸಾಲಿನಲ್ಲಿ ಜಾಗ ಮಾರುವವನಿರುತ್ತಾನೆ, ಕೊಳ್ಳಬೇಡ,
ಅವನು ಮಾರುವುದು ನಿನ್ನದೇ ಜಾಗ.
ಎಲ್ಲದಕ್ಕೂ ಮೂರು ಜೆರಾಕ್ಸ್ ಇರಲಿ.
'ನಿಮ್ಮ ಹೆಸರಿನಲ್ಲಿ ಒಂದಕ್ಷರ ತಾನೆ' ಅನ್ನುತ್ತಾರೆ,
ಮೂವತ್ತೊಂದು ವರ್ಷ ಎಡೆಮಿರಾ ಅಂತ ಸಹಿ ಹಾಕಿದವಳಿಗೆ.
ಸಿಟ್ಟಾಗಬೇಡ. ಆರನೇ ಕಿಟಕಿಗೆ ಹೋಗು.
ಅಲ್ಲಿ ಪಾರಿವಾಳದ ಬಣ್ಣದ ಸ್ವೆಟರಿನವಳು ನಮ್ಮ ಕಡೆಯವಳೇ,
ಹಾಗಂತ ಎಲ್ಲೂ ಹೇಳಿಕೊಂಡಿಲ್ಲ.
ಗಾಜಿಗೆ ಬಾಯಿ ಹತ್ತಿರ ಮಾಡಿ
ಕೆಚುವಾದಲ್ಲಿ ಮೆಲ್ಲಗೆ ಚೆನ್ನಾಗಿದ್ದೀಯಾ ಅನ್ನು.
ಉತ್ತರ ಕೊಡುವುದಿಲ್ಲ. ತಲೆಯೂ ಎತ್ತುವುದಿಲ್ಲ.
ಕಾಗದ ಮಾತ್ರ ಎರಡನೇ ಸಲ ಓದುತ್ತಾಳೆ.

ಮನೆ: ಹಳದಿ ಮೆಟ್ಟಿಲು, ಇನ್ನೂರ ಹನ್ನೊಂದು.
ಎಣಿಸುತ್ತ ಹತ್ತಬೇಡ, ಎಪ್ಪತ್ತಕ್ಕೆ ಅಳು ಬರುತ್ತದೆ.
ನಾಯಿಗಳು ಬಂದರೆ ಬಗ್ಗಿ ಕಲ್ಲು ಹೆಕ್ಕಿದಂತೆ ಮಾಡು, ಕಲ್ಲು ಬೇಕಿಲ್ಲ.
ಬೀಗದ ಕೈ ದೊಮಿತಿಲಾ ಹತ್ತಿರ ಇದೆ.
ನೀಲಿ ಡ್ರಮ್ಮಿನ ನೀರು ಕುಡಿಯಲು, ಕಪ್ಪು ಡ್ರಮ್ಮಿನದು ಉಳಿದದ್ದಕ್ಕೆ,
ನೀರಿನ ಲಾರಿ ಮತ್ತೆ ಬರುವುದು ಮಂಗಳವಾರ.

ನಿಲ್ದಾಣಕ್ಕೆ ಬರಲಾರೆ, ವಿಲ್ಬರ್ ರಜೆ ಕೊಡುವುದಿಲ್ಲ.
ಸಂಜೆ ಆರೂ ಹತ್ತಕ್ಕೆ ತಾಕ್ನಾ ರಸ್ತೆಯ ಮೂಲೆಯಲ್ಲಿ ನಿಂತಿರು.
ಬಿಳಿ ವ್ಯಾನು, ಒಂದೇ ಹೆಡ್‌ಲೈಟು,
ಬಾಗಿಲಿಗೆ ಜೋತುಬಿದ್ದು
ತಾಕ್ನಾ-ತಾಕ್ನಾ-ಅರೆಕಿಪಾ-ಹತ್ತಿ-ಹತ್ತಿ-ಹತ್ತಿ ಅಂತ
ಒಬ್ಬಳು ಕಿರುಚುತ್ತಿರುತ್ತಾಳೆ. ನಾನೇ ಅದು.
ನಿನಗೆ ಗೊತ್ತಿರುವ ದನಿ ಮನೆಯಲ್ಲಿಟ್ಟು ಬಂದಿರುತ್ತೇನೆ.
ಪೂರ್ತಿ ನಿಲ್ಲುವುದಿಲ್ಲ, ಓಡಿ ಹತ್ತು.
ಇಳಿಯುವಾಗ ಬಲಗಾಲು ಬಲಗಾಲು ಅಂತ ಕೂಗುತ್ತೇನೆ,
ಶುಭಕ್ಕಲ್ಲ,
ಎಡಗಾಲಿಟ್ಟವರು ಬೀಳುತ್ತಾರೆ, ಅಷ್ಟಕ್ಕೆ.

ಹತ್ತಿದ ಮೇಲೆ ತಬ್ಬಿಕೊಳ್ಳಬೇಡ.
ವಿಲ್ಬರ್ ಕನ್ನಡಿಯಲ್ಲಿ ನೋಡುತ್ತಿರುತ್ತಾನೆ,
ನಿನ್ನ ಹತ್ತಿರವೂ ದುಡ್ಡು ಕೇಳಬೇಕು ನಾನು.
ಚಿಲ್ಲರೆ ಇಟ್ಟುಕೊಂಡಿರು.